ಎಲ್ಲರಿಗೂ ಒಂದೇ ಕವಾಯತು ಒಗ್ಗಲಿಲ್ಲ

ಪುಣೆಯ ಭೋಸರಿಯಲ್ಲಿ ವಾಹನಗಳ ಬಿಡಿಭಾಗ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಾನು ಕಾರ್ಮಿಕ ಕಲ್ಯಾಣಾಧಿಕಾರಿ. 500 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವಲ್ಲಿ ಈ ಹುದ್ದೆ ಇರಲೇಬೇಕೆಂದು, 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆ ಹೇಳುತ್ತಿತ್ತು. ಅವರನ್ನು ವ್ಯಾಯಾಮಕ್ಕೆ ಹಚ್ಚುವ ಬಗೆಯನ್ನು ಮಾತ್ರ ನನಗೆ ಯಾರೂ ಕಲಿಸಿರಲಿಲ್ಲ.

ಮೊದಲಿಗೆ ಬೆಳಗಿನ ಪಾಳಿಗೆ ಮುನ್ನ ಅಂಗಳದಲ್ಲಿ ಧ್ವನಿವರ್ಧಕ ಇಡಿಸಿ, 15 ನಿಮಿಷಗಳ ಸಾಮೂಹಿಕ ಕವಾಯತು ಆರಂಭಿಸಿದೆ. ಮೊದಲ ವಾರ ಅಂಗಳ ತುಂಬಿತ್ತು. ಮೂರನೆಯ ವಾರದ ಹೊತ್ತಿಗೆ ಸೂಪರ್‌ವೈಸರ್ ಕಣ್ಣಿಗೆ ಬೀಳಬೇಕೆಂದವರಷ್ಟೇ ಉಳಿದಿದ್ದರು. "ಎಂಟು ತಾಸು ನಿಂತ ಕೆಲಸಾ ಮಾಡ್ತೀವ್ರಿ ಸಾಹೇಬ್ರ, ಮತ್ತ್ಯಾಕ ವ್ಯಾಯಾಮ?" ಎಂದು ಆಳಂದ ಕಡೆಯ ಲೇತ್ ಆಪರೇಟರ್ ಒಬ್ಬ ಕೇಳಿದ. ಮೀನಖಂಡದ ಸ್ನಾಯುಗಳು ಬಿಗಿದು ಸಡಿಲಿದಾಗಲೇ ಕಾಲಿನ ರಕ್ತ ಸಲೀಸಾಗಿ ಮೇಲಕ್ಕೇರುವುದು, ಅಲುಗಾಡದೆ ನಿಂತರೆ ಅದು ಕೆಳಗೇ ಮಡುಗಟ್ಟಿ ಕಾಲು ಬಾಯುವುದು ಎಂದು ವಿವರಿಸಿದೆ. ಆತ ಒಪ್ಪಿದ, ಆದರೆ ಅಂಗಳಕ್ಕೆ ಬರಲಿಲ್ಲ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಯಾರು ದಿನಕ್ಕೆ ಎಷ್ಟು ಹೆಜ್ಜೆ ನಡೆದರೆಂದು ಹೆಸರು ಸಮೇತ ಬರೆದು ಕ್ಯಾಂಟೀನಿನ ಗೋಡೆಗೆ ಬೋರ್ಡು ಹಾಕಿಸಿದೆ. ಗಟ್ಟಿಗರು ಪೈಪೋಟಿಗಿಳಿದರು. ಅದೇ ಆಪರೇಟರ್ ಮಾತ್ರ ಒಂದು ಸಂಜೆ ಮೆಲ್ಲಗೆ ಬಂದು, "ನನ್ನ ಹೆಸರು ತಗೀರಿ ಸಾಹೇಬ್ರ, ಅಲ್ಲಿ ಕುಂತ ಉಣ್ಣಾಕ ಆಗವಲ್ದು" ಎಂದ. ಮರುದಿನವೇ ಬೋರ್ಡು ಇಳಿಸಿದೆ.

ಯಾರ ಸ್ವಭಾವಕ್ಕೆ ಯಾವ ವ್ಯಾಯಾಮ ಒಗ್ಗೀತೆಂದು ತಿಳಿಯಲು ಪ್ರಶ್ನಾವಳಿ ಹಂಚಬಹುದಿತ್ತು; ಆದರೆ ಆಫೀಸಿನಿಂದ ಬಂದ ಯಾವ ಫಾರಮ್ಮೂ ತಮ್ಮ ಫೈಲಿಗೆ ಸೇರುತ್ತದೆಂಬ ಅಂಜಿಕೆ ಕಾರ್ಮಿಕರಿಗಿದೆ, ಅದು ಸುಳ್ಳೂ ಅಲ್ಲ. ಆದ್ದರಿಂದ ಗಣೇಶೋತ್ಸವದ ವರ್ಗಣಿಗೆ ಎತ್ತಲು ಮುಂದಾಗುವವರು ಯಾರು, ಉಪಕರಣಗಳನ್ನು ಒರೆಸಿ ಸಾಲಾಗಿ ಜೋಡಿಸುವವರು ಯಾರು, ಒಂಟಿಯಾಗಿ ಉಣ್ಣುವವರು ಯಾರು ಎಂಬುದನ್ನು ಒಂದು ತಿಂಗಳು ಗಮನಿಸಿದೆ.

ಮೊದಲಿನವರಿಗೆ ಜನ ಬೇಕು, ಸದ್ದು ಬೇಕು. ನಮ್ಮ ವಾರದ ರಜೆ ಗುರುವಾರ. ಅಂದು ಅವರೇ ಗುಂಪು ಕಟ್ಟಿಕೊಂಡು ನಿಗಡಿಯ ದುರ್ಗಾ ಟೇಕಡಿ ಎಂಬ ಗುಡ್ಡ ಹತ್ತುತ್ತಾರೆ. ಹಬ್ಬದ ಮುಂಚಿನ ವಾರಗಳಲ್ಲಿ ಢೋಲ್ ತಾಶಾ ತಾಲೀಮಿಗೆ ಹೋಗುವವರನ್ನು ನಾನು ಬೇರೆ ವ್ಯಾಯಾಮಕ್ಕೆ ಕರೆಯುವುದಿಲ್ಲ. ಸೊಂಟಕ್ಕೆ ಢೋಲು ಕಟ್ಟಿಕೊಂಡು ತಾಸುಗಟ್ಟಲೆ ಬಾರಿಸುವುದು ಏನು ಕಡಿಮೆಯೇ?

ಅಚ್ಚುಕಟ್ಟಿನ ಇನ್‌ಸ್ಪೆಕ್ಟರ್ ಒಬ್ಬರಿಗೆ, ವಾರಕ್ಕೆ ಕನಿಷ್ಠ 150 ನಿಮಿಷ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯನ್ನು ತಿಳಿಸಿ ಸಣ್ಣದೊಂದು ನೋಟ್‌ಬುಕ್ ಕೊಟ್ಟೆ. ಅವರು ದಿನವೂ ನಿಮಿಷ ಬರೆದರು. ಜ್ವರದಿಂದ ನಾಲ್ಕು ದಿನ ತಪ್ಪಿದಾಗ ಮಾತ್ರ ಎಲ್ಲವೂ ಕೆಟ್ಟಿತೆಂದು ಪೂರ್ತಿ ಕೈಬಿಟ್ಟರು. ಇಂಥವರಿಗೆ ಶಿಸ್ತೇ ಕೆಲವೊಮ್ಮೆ ತೊಡಕು. ಹಳೆಯ ಪುಟ ಹರಿದು ಹೊಸದರಿಂದ ಬರೆಯಲು ಹೇಳಬೇಕಾಯಿತು.

ಒಂಟಿಯಾಗಿ ಉಣ್ಣುವ ಅಳುಕಿನವರಿಗೆ ಬೇಕಾದದ್ದು ಯಾರೂ ನೋಡದಿರುವುದು, ಮತ್ತು ಅಲ್ಪ ಅವಧಿ. ಆತಂಕದ ಸ್ವಭಾವದವರು ನಡುನಡುವೆ ಬಿಡುವಿರುವ ಚಿಕ್ಕ ವ್ಯಾಯಾಮವನ್ನು ಇಷ್ಟಪಡುತ್ತಾರೆಂದು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2025ರಲ್ಲಿ ಪ್ರಕಟಿಸಿದ್ದನ್ನು ಓದಿದಾಗ ನನ್ನ ಬೋರ್ಡು ನೆನಪಾಯಿತು. ಆ ಆಪರೇಟರ್‌ಗೆ ಯಂತ್ರದ ಬಳಿಯೇ ತಾಸಿಗೊಮ್ಮೆ ಹಿಮ್ಮಡಿ ಎತ್ತಿಳಿಸುವುದನ್ನೂ ಹಿಂಬದಿಯ ಮೆಟ್ಟಿಲನ್ನೂ ತೋರಿಸಿದೆ. ಮಾಡಿದೆಯಾ ಎಂದು ಇಂದಿಗೂ ಕೇಳಿಲ್ಲ. ಮೆಟ್ಟಿಲ ಮೇಲಿನ ಹಳೆಯ ಪೆಟ್ಟಿಗೆಗಳನ್ನು ಯಾರೋ ಬದಿಗೆ ಸರಿಸಿದ್ದಾರೆ.

ರಾತ್ರಿ ಪಾಳಿಯವರು ಮಾತ್ರ ಇನ್ನೂ ಯಾವ ಲೆಕ್ಕಕ್ಕೂ ಸಿಕ್ಕಿಲ್ಲ. ನಡುರಾತ್ರಿಯ ಚಹಾಕ್ಕೆ ಮುನ್ನ ಶೆಡ್ಡಿನ ಸುತ್ತ ಒಂದು ಸುತ್ತು ನಡೆಯಿರೆಂದು ಸದ್ಯಕ್ಕೆ ಹೇಳಿದ್ದೇನೆ. ಮಳೆಗಾಲದಲ್ಲಿ ಅದೂ ನಿಲ್ಲುತ್ತದೆ.