ಕನ್ನಡಿ ಮುಂದೆಯೇ ಹೊತ್ತು ಹೋಗುತ್ತಿದೆಯೇ?

ಮದುವೆ ಮನೆಗೆ ಹೊರಡುವ ಮುಂಚೆ ನಾಲ್ಕು ಸಲ ಕನ್ನಡಿ ನೋಡುವುದು ಎಲ್ಲರಿಗೂ ಇದ್ದದ್ದೇ. ಆದರೆ ‘ನನ್ನ ಮೂಗು ವಿಕಾರ, ಜನ ನಗ್ತಾರೆ’ ಎಂದು ಮದುವೆಗೇ ಹೋಗದೆ ಕೂತರೆ? ಮನೆಯವರ ಕಣ್ಣಿಗೆ ಆ ಮೂಗಿನಲ್ಲಿ ಯಾವ ಐಬೂ ಕಾಣುವುದಿಲ್ಲ. ಇದು ಶೋಕಿಯಲ್ಲ, ಕಾಯಿಲೆ. ಇಟಲಿಯ ವೈದ್ಯ ಎನ್ರಿಕೊ ಮೊರ್ಸೆಲ್ಲಿ 1891ರಲ್ಲೇ ಇದಕ್ಕೊಂದು ಹೆಸರಿಟ್ಟಿದ್ದರು. ಈಗಿನ ಹೆಸರು ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್. ಪದೇ ಪದೇ ಕೈ ತೊಳೆಸುವ ಒಸಿಡಿ ಎಂಬ ಗೀಳು ಕಾಯಿಲೆಗೆ ಹತ್ತಿರದ ನೆಂಟ. ನೂರರಲ್ಲಿ ಸುಮಾರು ಇಬ್ಬರಿಗೆ ಇರುತ್ತದೆ. ಹೆಚ್ಚಾಗಿ ಹೈಸ್ಕೂಲು ವಯಸ್ಸಿನಲ್ಲಿ ಶುರು. ಗಂಡು ಹುಡುಗರಿಗೂ ಬರುತ್ತದೆ.

ಮೊದಲು ಒಂದು ವಾರ ಲೆಕ್ಕ ಬರೆದಿಡಿ. ಕನ್ನಡಿ, ಸೆಲ್ಫಿ, ಬೇರೆಯವರ ಮುಖದ ಜೊತೆ ಹೋಲಿಕೆ, ಆ ಚಿಂತೆ, ಎಲ್ಲ ಸೇರಿ ದಿನಕ್ಕೆ ಎಷ್ಟು ಹೊತ್ತು? ಒಂದು ಗಂಟೆ ದಾಟಿದರೆ ಮನೋವೈದ್ಯರನ್ನು ಕಾಣಬೇಕು.

ಆಮೇಲೆ ಸೆಲ್ಫಿ ಬಿಡಿ. ಒಂದಡಿ ದೂರದಿಂದ ತೆಗೆದ ಫೋಟೊದಲ್ಲಿ ಮೂಗು, ಐದಡಿಯಿಂದ ತೆಗೆದದ್ದಕ್ಕಿಂತ ಸುಮಾರು 30% ಅಗಲ ಕಾಣುತ್ತದೆ. ತಪ್ಪು ಕ್ಯಾಮೆರಾದ್ದು, ಬೈಗುಳ ಮೂಗಿಗೆ!

ಕನ್ನಡಿಯನ್ನು ಪೂರ್ತಿ ಮುಚ್ಚಿಡಬೇಡಿ. ತಲೆ ಬಾಚುವಾಗ, ಹಲ್ಲುಜ್ಜುವಾಗ ಒಂದು ಮಾರು ದೂರ ನಿಂತು ಇಡೀ ಮುಖ ನೋಡಿ, ಬನ್ನಿ. ಮತ್ತೆ ನೋಡಬೇಕು ಅನ್ನಿಸುತ್ತದೆ, ಎದೆ ಡವಡವ ಎನ್ನುತ್ತದೆ. ನೋಡದೆ ತಡೆದುಕೊಂಡರೆ ಆ ಚಡಪಡಿಕೆ ತಾನಾಗಿ ಇಳಿಯುತ್ತದೆ. ಚಿಕಿತ್ಸೆಯ ತಿರುಳೇ ಇದು. ಅದಾದ ಮೇಲೆ ಮಾಸ್ಕ್ ಇಲ್ಲದೆ ಬೀದಿ ಕೊನೆಯ ಅಂಗಡಿಯಿಂದ ಹಾಲು ತನ್ನಿ. ಆಮೇಲೆ ಸಿಟಿ ಬಸ್ಸು, ಆಮೇಲೆ ನೆಂಟರ ಮನೆ. ಕೌನ್ಸೆಲರ್ ಜೊತೆಗಿದ್ದರೆ ಈ ಮೆಟ್ಟಿಲುಗಳು ಸುಲಭ.

ಮನೆಯವರಿಗೊಂದು ಮಾತು. ‘ಅಮ್ಮಾ, ನಾನು ಚೆನ್ನಾಗಿಲ್ಲ ಅಲ್ವಾ?’ ಎಂದು ಮಗಳು ದಿನಕ್ಕೆ ಇಪ್ಪತ್ತು ಸಲ ಕೇಳಿದರೆ, ಇಪ್ಪತ್ತು ಸಲವೂ ‘ಚೆನ್ನಾಗಿದ್ದೀಯ ಕಣೇ’ ಎನ್ನಬೇಡಿ. ಆ ಸಮಾಧಾನ ಹತ್ತು ನಿಮಿಷ ನಿಲ್ಲುವುದಿಲ್ಲ. ‘ನಿನಗೆ ಕಷ್ಟ ಆಗ್ತಿದೆ, ಗೊತ್ತು. ಬಾ, ಹೂ ಕಟ್ಟೋಣ’ ಎನ್ನಿ. ಇನ್ನು ‘ಸ್ವಲ್ಪ ಕಪ್ಪಾದಳಲ್ಲ’ ಎನ್ನುವ ಅತ್ತೆ, ಚಿಕ್ಕಮ್ಮಂದಿರನ್ನು ಮುಲಾಜಿಲ್ಲದೆ ಸುಮ್ಮನಾಗಿಸಿ.

ಮೂಗಿನ ಆಪರೇಷನ್‌ಗೆ ದುಡ್ಡು ಸುರಿಯಬೇಡಿ. ಈ ಕಾಯಿಲೆ ಇರುವವರಿಗೆ ಅದರಿಂದ ಸಾಮಾನ್ಯವಾಗಿ ನೆಮ್ಮದಿ ಸಿಗುವುದಿಲ್ಲ, ಚಿಂತೆ ಮೂಗಿನಿಂದ ಗಲ್ಲಕ್ಕೆ ಜರುಗುತ್ತದೆ, ಅಷ್ಟೆ. ಡಾಕ್ಟರು ಮಾತ್ರೆ ಕೊಟ್ಟರೆ ಹದಿನೈದು ದಿನಕ್ಕೇ ‘ಗುಣ ಇಲ್ಲ’ ಎಂದು ಬಿಡಬೇಡಿ. ಮೂರು ತಿಂಗಳಾದರೂ ಬೇಕು.

ಬದುಕೇ ಬೇಡ ಎನ್ನುವ ಯೋಚನೆ ಬಂದರೆ ಮಾತ್ರ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.