ಟ್ಯೂನಿಗೆ ಕ್ಯಾಂಟನೀಸ್ ಪದ ಕೂರಿಸುವುದು: ನನ್ನ ಅನುಭವ

ಟ್ಯೂನ್ ಮೊದಲು, ಸಾಹಿತ್ಯ ಆಮೇಲೆ ಎನ್ನುವುದು ಕನ್ನಡ ಸಿನಿಮಾ ಹಾಡು ಬಲ್ಲವರಿಗೆ ಹೊಸದಲ್ಲ. ಊರಲ್ಲಿದ್ದಾಗ ಗೆಳೆಯರ ಆರ್ಕೆಸ್ಟ್ರಾಕ್ಕೆ ನಾನೂ ಹಾಗೆಯೇ ಬರೆಯುತ್ತಿದ್ದೆ. ಸ್ವರ ಎಳೆದಲ್ಲಿ ದೀರ್ಘಾಕ್ಷರ ಬಿದ್ದು, ಕೊನೆಯಲ್ಲಿ ಪ್ರಾಸ ಒದಗಿದರೆ ಮುಕ್ಕಾಲು ಕೆಲಸ ಮುಗಿದಂತೆ. ಕೆಲಸಕ್ಕೆಂದು ಹಾಂಗ್‌ಕಾಂಗ್‌ಗೆ ಬಂದು, ಇಲ್ಲಿನವರ ಆಡುಭಾಷೆಯಾದ ಕ್ಯಾಂಟನೀಸ್ ಕಲಿತು, ಇಲ್ಲಿನ ಸಣ್ಣ ಬ್ಯಾಂಡೊಂದಕ್ಕೆ ಬರೆಯಲು ಕೂತಾಗ ಆ ಲೆಕ್ಕ ಸಾಲಲಿಲ್ಲ.

ಈ ಭಾಷೆಯಲ್ಲಿ ದನಿಯ ಮಟ್ಟಗಳು ಆರು. ಅಕ್ಷರ ಅದೇ ಇದ್ದರೂ ಮಟ್ಟ ಬದಲಾದರೆ ಪದವೇ ಬೇರೆ. ಹಾಡುವಾಗ ಈ ಸ್ವರ ಹಿಂದಿನದಕ್ಕಿಂತ ಏರಿತೋ ಇಳಿಯಿತೋ ಎಂಬುದನ್ನು ಕಿವಿ ಹಿಡಿಯುತ್ತದೆ. ಪದದ ಏರಿಳಿತ ಅದಕ್ಕೆ ಹೊಂದದಿದ್ದರೆ ಕೇಳುವವರಿಗೆ ಇನ್ಯಾವುದೋ ಮಾತು ಕೇಳಿಸುತ್ತದೆ. ಚೀನಾದ ಅಧಿಕೃತ ಭಾಷೆಯಾದ ಮ್ಯಾಂಡರಿನ್‌ನ ಹಾಡುಗಳಲ್ಲಿ ಈ ಕಟ್ಟು ಇಷ್ಟು ಬಿಗಿಯಲ್ಲ.

ಇದಕ್ಕೆ ಇಲ್ಲಿನ ಬರಹಗಾರರಲ್ಲಿ ಬಳಕೆಯಲ್ಲಿರುವ ಉಪಾಯ ‘0243’. ಸೊನ್ನೆ, ಎರಡು, ನಾಲ್ಕು, ಮೂರು ಎನ್ನಲು ಲಿಂಗ್, ಯೀ, ಸೇ, ಸಾಮ್ ಎಂದಾಗ ದನಿ ಕೆಳಗಿನಿಂದ ಮೇಲಕ್ಕೆ ಮೆಟ್ಟಿಲು ಹತ್ತುತ್ತದೆ. ಹಾಡಿನಲ್ಲಿ ಆರು ಮಟ್ಟಗಳೂ ಈ ನಾಲ್ಕು ಗುಂಪಿನೊಳಗೆ ಅಡಗುತ್ತವೆ. ಹಾಗಾಗಿ ಟ್ಯೂನ್ ಕೈಗೆ ಬಂದರೆ ಮೊದಲು ಪೂರ್ತಿ ಅಂಕಿಗಳಲ್ಲೇ ಹಾಡಿಕೊಳ್ಳುತ್ತೇನೆ, ಆಮೇಲೆ ಪಲ್ಲವಿಯ ಕೊನೆಯ ಸಾಲು ಬರೆದು ಅಲ್ಲಿಂದ ಹಿಂದಕ್ಕೆ ಬರುತ್ತೇನೆ. ಟ್ಯೂನ್ ಸೊನ್ನೆ ಕೇಳುವಲ್ಲಿ ಮೂರರ ಪದ ಎಷ್ಟೇ ಚೆಂದವಿದ್ದರೂ ಬಿಡಲೇಬೇಕು. ಆ ಒಂದು ಪದಕ್ಕಾಗಿ ಇಡೀ ಸಾಲನ್ನು ಬೇರೆ ಕಡೆಯಿಂದ ಯೋಚಿಸಬೇಕಾಗುತ್ತದೆ. ಈ ಕಸುಬಿನಲ್ಲಿ ನನಗೆ ಅತ್ಯಂತ ಪ್ರಿಯವಾದ ಹೊತ್ತು ಅದೇ.

ನಾನು ಗುರು ಎಂದುಕೊಂಡಿರುವುದು ಇಲ್ಲಿನ ಗೀತರಚನಕಾರ ಜೇಮ್ಸ್ ವಾಂಗ್ ಅವರನ್ನು. 1941ರಲ್ಲಿ ಚೀನಾದ ಗ್ವಾಂಗ್‌ಜೌನಲ್ಲಿ ಹುಟ್ಟಿ, 1949ರಲ್ಲಿ ಹಾಂಗ್‌ಕಾಂಗ್‌ಗೆ ಬಂದು, ಶಾಮ್ ಶೂಯಿ ಪೋ ಬಡಾವಣೆಯಲ್ಲಿ ಬೆಳೆದವರು. ಹಾರ್ಮೋನಿಕಾ ನುಡಿಸಿದರು, ಜಾಹೀರಾತು ಬರೆದರು, ಟಿವಿಯಲ್ಲಿ ಕಾರ್ಯಕ್ರಮ ನಡೆಸಿದರು, ಅಂಕಣ ಬರೆದರು. ಜಾಹೀರಾತಿನ ಕೆಲಸವೇ ಅವರ ಸಾಲುಗಳಿಗೆ ಆ ಚುರುಕು ಕೊಟ್ಟಿತೆಂದು ನನ್ನ ನಂಬಿಕೆ. ಸಂಗೀತ ನಿರ್ದೇಶಕ ಜೋಸೆಫ್ ಕೂ ಅವರ ಜೊತೆ ಸೇರಿ ಮಾಡಿದ, 1980ರಲ್ಲಿ ಫ್ರಾನ್ಸಿಸ್ ಯಿಪ್ ಹಾಡಿದ ‘ಶಾಂಘೈ ಬೀಚ್’ ಧಾರಾವಾಹಿಯ ಹಾಡಿನ ಮೊದಲ ನಾಲ್ಕು ಅಕ್ಷರಗಳನ್ನೇ ನೋಡಿ. ಅಲೆ ನುಗ್ಗುತ್ತದೆ, ಅಲೆ ಹರಿಯುತ್ತದೆ, ಅಷ್ಟೇ ಮಾತು. ಅಂಕಿಯಲ್ಲಿ 2-3, 2-0. ಅಲೆ ಎನ್ನುವ ಪದ ಎರಡು ಸಲವೂ ಒಂದೇ ಮಟ್ಟದಲ್ಲಿ ನಿಂತಿದ್ದರೆ, ಅದರ ಮುಂದಿನ ಪದ ಒಮ್ಮೆ ತುದಿಗೆ ಏರುತ್ತದೆ, ಮತ್ತೊಮ್ಮೆ ತಳಕ್ಕೆ ಇಳಿಯುತ್ತದೆ. ನೀರಿನ ಚಲನೆ ಭಾಷೆಯ ದನಿಯೊಳಗೇ ಇದೆ! ಇದನ್ನು ಅಂಕಿ ಹಾಕಿ ಬಿಡಿಸಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

1979ರಲ್ಲಿ ರೋಮನ್ ಟಾಮ್ ಹಾಡಿದ ‘ಲಯನ್ ರಾಕ್‌ನ ಕೆಳಗೆ’ ಕೂಡ ಈ ಜೋಡಿಯದೇ. ಒಂದೇ ದೋಣಿಯಲ್ಲಿರುವ ಸಾಮಾನ್ಯ ಜನರ ಹಾಡು ಅದು. ಹಣಕಾಸು ಕಾರ್ಯದರ್ಶಿ ಆಂಟನಿ ಲ್ಯೂಂಗ್ 2002ರ ಬಜೆಟ್ ಭಾಷಣದಲ್ಲಿ ಅದರ ಸಾಲುಗಳನ್ನು ಬಳಸಿಕೊಂಡರು. ವಾಂಗ್ ಅವರು 2003ರಲ್ಲಿ, ಅರವತ್ತು ದಾಟಿದ ಮೇಲೆ, ಹಾಂಗ್‌ಕಾಂಗ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ವಿಷಯ, 1949ರಿಂದ 1997ರವರೆಗಿನ ಹಾಂಗ್‌ಕಾಂಗ್ ಜನಪ್ರಿಯ ಸಂಗೀತ. ಮರುವರ್ಷವೇ ತೀರಿಕೊಂಡರು.

ಇನ್ನೊಂದು ತೀರ್ಮಾನ ಪ್ರತಿ ಹಾಡಿಗೂ ಮಾಡಬೇಕು: ಬರಹದ ಭಾಷೆಯೋ, ಆಡುಮಾತೋ? ಹೆಚ್ಚಿನ ಹಾಡುಗಳು ಬರಹದ ಚೀನೀ ಭಾಷೆಯಲ್ಲಿದ್ದು ಕ್ಯಾಂಟನೀಸ್ ಉಚ್ಚಾರದಲ್ಲಿ ಹಾಡಿದಂಥವು. ಬೀದಿಯ ಆಡುಮಾತನ್ನೇ ಹಾಡಾಗಿಸಿ ಎಪ್ಪತ್ತರ ದಶಕದಲ್ಲಿ ಮನೆಮನೆಗೂ ಮುಟ್ಟಿಸಿದವರು ಸ್ಯಾಮ್ ಹುಯಿ. ನನಗೆ ಈ ಭಾಷೆ ಬಂದದ್ದು ಮಾರ್ಕೆಟ್ಟಿನಲ್ಲಿ, ಮಿನಿಬಸ್ಸಿನಲ್ಲಿ. ಹಾಗಾಗಿ ಆಡುಮಾತೇ ಕೈಗೆ ಒಗ್ಗುತ್ತದೆ. ನಿಧಾನಗತಿಯ ಪ್ರೇಮಗೀತೆಗೆ ಮಾತ್ರ ಬರಹದ ಭಾಷೆಗೇ ಹೋಗುತ್ತೇನೆ.

ಗಾಯಕಿಗೆ ಕೊಡುವ ಮುನ್ನ ಒಂದು ಪರೀಕ್ಷೆ ಇದೆ. ಸಾಹಿತ್ಯ ನೋಡಿರದ ಸ್ಥಳೀಯ ಸಹೋದ್ಯೋಗಿಯ ಮುಂದೆ ಹಾಡಿ, ಕೇಳಿಸಿದ್ದನ್ನು ಬರೆದುಕೊಡಿ ಎನ್ನುತ್ತೇನೆ. ಅವರ ಹಾಳೆಯಲ್ಲಿ ನನ್ನದಲ್ಲದ ಪದ ಎಲ್ಲಿ ಬಂದಿದೆಯೋ ಆ ಸಾಲು ಹೊಡೆದುಹಾಕಿ, ಮತ್ತೆ ಅಂಕಿಗಳಿಂದ ಶುರು ಮಾಡುತ್ತೇನೆ.