ಬಣ್ಣ ಹೆಚ್ಚು, ಖಾರ ಕಡಿಮೆ

ಭಾವಗೀತೆ ಹಾಡುವವರಿಗಾಗಿ ವಿರಹದ ಪದ್ಯ ಬರೆಯುವಾಗ ನಾನು ನಲ್ಲನನ್ನು ವರ್ಣಿಸಲು ಹೋಗುವುದಿಲ್ಲ. ಊರಲ್ಲಿ ಇಲ್ಲದವನ ಮೀಸೆ, ನಡಿಗೆ, ನಗುವನ್ನೆಲ್ಲ ತಂದರೆ ಅವನು ಹಾಡಿನೊಳಗೆ ಬಂದು ಕುಳಿತೇಬಿಡುತ್ತಾನೆ. ಆಮೇಲೆ ಕಾಯುವುದು ಯಾರನ್ನು? 12ನೇ ಶತಮಾನದ ಅಕ್ಕಮಹಾದೇವಿ ಒಂದು ವಚನದಲ್ಲಿ ಚೆನ್ನಮಲ್ಲಿಕಾರ್ಜುನನನ್ನು ಕಂಡಿರಾ ಎಂದು ಗಿಳಿ, ಕೋಗಿಲೆ, ದುಂಬಿ, ಹಂಸೆ, ನವಿಲುಗಳನ್ನು ಕೇಳುತ್ತಾಳೆ. ಅಲ್ಲಿ ಕಣ್ಣಿಗೆ ಕಟ್ಟುವುದು ಕೇಳುತ್ತ ಅಲೆಯುವವಳೇ.

ಹಾವೇರಿಯಲ್ಲಿ ಕುಳಿತು ಯಮುನೆಯ ದಡ ಬರೆಯುವುದು ನನ್ನಿಂದಾಗದು. ಈಚಿನ ಹಾಡಿನ ನಾಯಕಿ ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುವವಳು. ಗಂಡ ಕಟ್ಟಡದ ಕೆಲಸಕ್ಕೆ ಗೋವೆಗೆ ಹೋಗಿದ್ದಾನೆ. ಕಣ್ಣೊರೆಸಿಕೊಂಡು ‘ಕಾಯಿಯ ಘಾಟು’ ಎನ್ನುತ್ತಾಳೆ. ಆದರೆ ಬ್ಯಾಡಗಿ ಕಾಯಿ ಹೆಸರಾಗಿರುವುದು ಬಣ್ಣಕ್ಕೆ, ಖಾರಕ್ಕಲ್ಲ. ಪಕ್ಕದಲ್ಲಿ ಕುಳಿತವಳಿಗೆ ಇದು ಗೊತ್ತಿಲ್ಲವೇ? ಅವಳ ಕೀಟಲೆಯೇ ಪಲ್ಲವಿಯಾಯಿತು:

ಕಣ್ಣು ಉರಿಯಿತೇಕೆ ಗೆಳತಿ,
ಬಣ್ಣ ಹೆಚ್ಚು, ಖಾರ ಕಡಿಮೆ

ಹ್ರಸ್ವ ಅಕ್ಷರವೊಂದನ್ನು ಉಚ್ಚರಿಸುವಷ್ಟು ಹೊತ್ತು ಒಂದು ಮಾತ್ರೆ. ಆರು ಮಾತ್ರೆಯ ದಾದ್ರಾ ತಾಳಕ್ಕೆಂದು ಮೂರು ಮೂರು ಮಾತ್ರೆಯ ಗುಂಪು, ಅಂದರೆ ಗಣ, ಇಟ್ಟೆ. ಕಣ್ಣು–ಬಣ್ಣ ಪ್ರಾಸ ತಾನಾಗಿ ಒದಗಿತು. ಹಾಡುವವರಿಗೆ ಸಾಲಿನ ಕೊನೆಯಲ್ಲಿ ‘ಆ’ಕಾರವೋ ‘ಓ’ಕಾರವೋ ಸಿಕ್ಕರೆ ದನಿ ಎಳೆಯಲು ಸಲೀಸು. ಹ್ರಸ್ವವಾದರೆ ಚುಟುಕಾಗಿ ನಿಲ್ಲುತ್ತದೆ. ಕೀಟಲೆಗೆ ಚುಟುಕೇ ಚೆನ್ನ. ಹಾಗಾಗಿ ಗೆಳತಿಯ ಸಾಲುಗಳನ್ನು ಹ್ರಸ್ವದಲ್ಲೇ ಬಿಟ್ಟು, ನಾಯಕಿಯ ಸಾಲುಗಳಿಗಷ್ಟೇ ದೀರ್ಘ ಕೊಟ್ಟೆ. ಅವಳು ಕೇಳಿದ್ದಕ್ಕೆ ಉತ್ತರಿಸುವುದಿಲ್ಲ, ಮಾತು ಮರೆಸುತ್ತಾಳೆ:

ಗೋವೆ ಬಸ್ಸು ಬಂದಿತೇನೋ

ಕೊನೆಯ ಗಣದಲ್ಲಿ ಒಂದು ಮಾತ್ರೆ ಹೆಚ್ಚಿದೆ. ಛಂದಸ್ಸು ಬಲ್ಲವರು ಹುಬ್ಬೇರಿಸಲಿ, ಗಾಯಕಿಗೆ ಎಳೆಯಲು ಅದು ಬೇಕು. ‘ವಿರಹ’, ‘ವೇದನೆ’, ‘ನೆನಪು’ ಎಂಬ ಪದಗಳು ಇಡೀ ಹಾಡಿನಲ್ಲಿ ಇಲ್ಲ. ಅವು ಒಮ್ಮೆ ನುಸುಳಿದರೆ ಮಿಕ್ಕ ಸಾಲುಗಳು ಸೋಮಾರಿಯಾಗುತ್ತವೆ.

ಕೊನೆಯ ಚರಣದಲ್ಲಿ ಗಂಡ ಬರಲಿ ಎಂದು ಕೇಳುವವರಿದ್ದಾರೆ. ನಾನು ಕರೆಸುವುದಿಲ್ಲ. ಸಂಘಟಕರೊಬ್ಬರು ಗೋವೆಯ ಬದಲು ದುಬೈ ಹಾಕಿದರೆ ಈಗಿನ ಕಾಲಕ್ಕೆ ಒಪ್ಪುತ್ತದೆ ಎಂದರು. ಲೆಕ್ಕಕ್ಕೆ ಅದೂ ಮೂರೇ ಮಾತ್ರೆ. ಆದರೆ ಒಂದು ಮಾತ್ರೆಯ ಲಘುವಿನ ಬೆನ್ನಿಗೆ ಎರಡು ಮಾತ್ರೆಯ ಗುರು ಬಂದು ನಡೆ ಎಡವುತ್ತದೆ. ಅದನ್ನಾದರೂ ಹಾಡಿನಲ್ಲಿ ಸರಿದೂಗಿಸಬಹುದು, ದುಬೈಯಿಂದ ಬ್ಯಾಡಗಿಗೆ ಬಸ್ಸು ತರಿಸುವುದು ಹೇಗೆ?